ಮೂರನೇ ಅಂಕದ ಒದೆ

ಸಾಯುವುದರಲ್ಲಿ ಗಂಗರತ್ನಮ್ಮನದು ನುರಿತ ಕೈ. ಬಂಗಾರಪೇಟೆ ಸೀಮೆಯಲ್ಲಿ ಅವಳಷ್ಟು ಸಲ ಬಾವಿಗೆ ಬಿದ್ದ ಹೆಂಗಸು ಇನ್ನೊಬ್ಬಳಿರಲಿಲ್ಲ. ಗಂಡನ ಪಾದದ ಮೇಲೆ ತಲೆಯಿಟ್ಟು, ಎರಡು ಕಂದಪದ್ಯ ಹಾಡಿ, ಬಾವಿ ಎಂದು ಬರೆದಿದ್ದ ರಟ್ಟಿನ ಹಿಂದಕ್ಕೆ ಧುಮುಕಿದ ಮೇಲೆ, ಅಲ್ಲಿ ಹಾಸಿದ್ದ ಗೋಣಿಚೀಲದ ಮೇಲಿಂದ ಎದ್ದು, ಸೀರೆ ಕೊಡವಿ, ನಾಟಕ ಸಂಘದವರು ಕೊಟ್ಟ ಬೋಂಡಾ ತಿನ್ನುತ್ತಿದ್ದಳು. ಚಿನ್ನದ ಗಣಿಯ ರಾತ್ರಿ ಪಾಳಿಯವರು ಒಳಗಿಳಿಯುವ ಮೊದಲೇ ನಾಟಕ ಮುಗಿಯಬೇಕಾಗಿದ್ದರಿಂದ ಉರಿಗಾಮಿನಲ್ಲಿ ಪರದೆ ಐದಕ್ಕೇ ಏಳುತ್ತಿತ್ತು. ಹೀಗಾಗಿ ಎಂಟರೊಳಗೆ ಸತ್ತು, ಎಂಟೂವರೆಯ ರೈಲು ಹಿಡಿದು, ಬಂಗಾರಪೇಟೆಗೆ ಹೋಗಿ ಗಂಡನಿಗೆ ಮುದ್ದೆ ತಿರುವಲು ಅವಳಿಗೆ ಸಾಕಷ್ಟು ಹೊತ್ತು ಸಿಗುತ್ತಿತ್ತು.

ನಾಟಕಕ್ಕೆ ಸೇರುವ ಮೊದಲು ಅವಳು ಸ್ಟೇಷನ್ ರಸ್ತೆಯ ಕಡಲೆಕಾಯಿ ಮಂಡಿಯಲ್ಲಿ ಕಾಯಿ ಬಿಡಿಸುತ್ತಿದ್ದಳು. ಹುಟ್ಟಿದ್ದು ಬೂದಿಕೋಟೆಯ ಹತ್ತಿರದ ಹಳ್ಳಿ. ಮೂರನೇ ತರಗತಿಯವರೆಗೆ ಓದಿದ್ದಳು, ಒಮ್ಮೆ ಕೇಳಿದ ಹಾಡು ಮರೆಯುತ್ತಿರಲಿಲ್ಲ. ಗಂಡ ಮುನಿಶಾಮಿ ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ. ಮದುವೆಯಾಗಿ ಆರು ವರ್ಷವಾದರೂ ಅವನು ಹೆಂಡತಿಯ ಮೇಲೆ ಕೈ ಎತ್ತಿರಲಿಲ್ಲ. ಕೇರಿಯಲ್ಲಿ ಅವನ ಮೇಲೆ ಇದ್ದ ದೂರು ಇದೊಂದೇ. ಆರು ವರ್ಷದಲ್ಲಿ ಮಕ್ಕಳೂ ಆಗಿರಲಿಲ್ಲ, ಆ ದೂರು ಮಾತ್ರ ಅವಳ ಮೇಲಿತ್ತು. ಎರಡು ದೂರಿಗೂ ನಂಟಿದೆಯೆಂದು, ಒಂದನ್ನು ಸರಿಪಡಿಸಿದರೆ ಇನ್ನೊಂದು ತಾನೇ ಸರಿಹೋಗುವುದೆಂದು ಮಂಡಿಯ ಹಿರಿಯರು ಮುನಿಶಾಮಿಗೆ ಆಗಾಗ ಹೇಳುತ್ತಿದ್ದರು. ಅವನು ಹೂಂಗುಟ್ಟಿ ಬೀಡಿ ಹಚ್ಚುತ್ತಿದ್ದ.

ಮಂಡಿಯಲ್ಲಿ ಅವಳು ಹಾಡುವುದನ್ನು ಕೇಳಿದ ಹಾರ್ಮೋನಿಯಂ ಮೇಷ್ಟ್ರೊಬ್ಬರು ಐವತ್ತೇಳನೇ ಇಸವಿಯಲ್ಲಿ ಅವಳನ್ನು ಉರಿಗಾಮಿನ ನಾಟಕ ಸಂಘಕ್ಕೆ ಕರೆದೊಯ್ದರು. ಆ ಸಂಘಕ್ಕೆ ಇದ್ದದ್ದು ಒಂದೇ ನಾಟಕ, ‘ಸಹನಾದೇವಿ ಅಥವಾ ಪತಿಪಾದವೇ ಪರಮಗತಿ’. ಬರೆದವರು ಸಂಘದ ಕಾರ್ಯದರ್ಶಿ ಕೋದಂಡಪ್ಪನವರು, ಗಣಿಯ ಹಾಜರಿ ನೋಡುವ ಟೈಮಾಫೀಸಿನಲ್ಲಿ ಗುಮಾಸ್ತರು. ಅವರ ಹೆಂಡತಿ ಮದುವೆಯಾದ ಎರಡನೇ ವರ್ಷ ತವರಿಗೆ ಹೋದವರು ಹನ್ನೊಂದು ವರ್ಷವಾದರೂ ಬಂದಿರಲಿಲ್ಲ. ಆದ್ದರಿಂದ ಸತೀಧರ್ಮದ ಬಗ್ಗೆ ಅವರು ಬರೆದದ್ದೆಲ್ಲ ಪೂರ್ತಿ ಸ್ವಂತ ಚಿಂತನೆಯ ಫಲವಾಗಿತ್ತು.

ಕಥೆ ಸುಲಭ. ಸಹನಾದೇವಿಗೆ ಮಕ್ಕಳಿಲ್ಲ. ಗಂಡ ಸಂತಾನಕ್ಕಾಗಿ ಕಾಶಿಗೆ ಹೋಗಿ ಎರಡು ವರ್ಷ ತಪಸ್ಸು ಮಾಡಿ ಬರುತ್ತಾನೆ. ಬಂದರೂ ಮಕ್ಕಳಿಲ್ಲದ್ದನ್ನು ಕಂಡು ಮೂರನೇ ಅಂಕದಲ್ಲಿ ಅವಳಿಗೆ ಮೂರು ಏಟು ಹೊಡೆದು, ಜಡೆ ಹಿಡಿದು ವೇದಿಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು, ಹೊಟ್ಟೆಗೆ ಒದೆಯುತ್ತಾನೆ. ಅವಳು ಅದೇ ಕಾಲನ್ನು ಹಿಡಿದು, “ನಾಥಾ, ತಮ್ಮ ಪಾದಕ್ಕೆ ನೋವಾಗಲಿಲ್ಲವಷ್ಟೆ?” ಎನ್ನುತ್ತಾಳೆ. ಇಲ್ಲಿ ಚಪ್ಪಾಳೆ. ನಾಲ್ಕನೇ ಅಂಕದಲ್ಲಿ ಅವನ ಎರಡನೇ ಮದುವೆಗೆ ಅಡ್ಡಿಯಾಗಬಾರದೆಂದು ಬಾವಿಗೆ ಬೀಳುತ್ತಾಳೆ. ಅವನು ಕಲ್ಯಾಣಿ ರಾಗದಲ್ಲಿ ಅಳುತ್ತಾನೆ, ಮದುವೆಯೂ ಆಗುತ್ತಾನೆ. ಮಂಗಳ.

ಗಂಗರತ್ನಮ್ಮನಿಗಿಂತ ಮೊದಲು ನಾಲ್ಕು ವರ್ಷ ಸಹನಾದೇವಿಯಾಗಿದ್ದವನು ಫಿಟ್ಟರ್ ಆದಿನಾರಾಯಣ. ಆನೆಯಂಥ ಆಳು. ನಾಟಕದ ಹಿಂದಿನ ದಿನ ಮೀಸೆ ಬೋಳಿಸಿ, ಮುಗಿದ ಮಾರನೆಯ ದಿನದಿಂದ ಮತ್ತೆ ಬಿಡುತ್ತಿದ್ದ. ಗಂಡನ ಪಾತ್ರ ಮೇಸ್ತ್ರಿ ರಾಮಚಂದ್ರಪ್ಪನದು. ನೆಲದೊಳಗೆ ಮೂವತ್ತು ಆಳುಗಳನ್ನು ಗದರಿಸಿ ಅಭ್ಯಾಸವಾಗಿದ್ದ ಗಂಟಲು ಅವನದು. ಅವನು ಆದಿನಾರಾಯಣನ ಕೆನ್ನೆಯ ಹತ್ತಿರ ಗಾಳಿಯಲ್ಲಿ ಕೈ ಬೀಸುತ್ತಿದ್ದ, ಪಕ್ಕದ ಪರದೆಯ ಮರೆಯಲ್ಲಿ ನಿಂತವನೊಬ್ಬ ಎರಡು ಹಲಗೆ ತಟ್ಟುತ್ತಿದ್ದ, ಆದಿನಾರಾಯಣ ಕೆನ್ನೆ ಹಿಡಿದು ಚೀರುತ್ತಿದ್ದ. ನಾಲ್ಕು ವರ್ಷ ಹೀಗೆಯೇ ನಡೆದಿತ್ತು, ಕಲೆಗೆ ಏನೂ ಕೊರತೆಯಾದಂತೆ ಯಾರಿಗೂ ಕಂಡಿರಲಿಲ್ಲ. ಆದರೆ ಪಕ್ಕದ ಪೇಟೆಯ ಸಂಘದವರು ನಿಜವಾದ ಹೆಂಗಸನ್ನು ಕರೆಸಿ ಆಡಿಸಿದರು, ಜನ ಅತ್ತ ಹೋದರು. ಇವರಿಗೂ ಹೆಂಗಸು ಬೇಕಾಯಿತು.

ಮೊದಲನೇ ಅಭ್ಯಾಸದ ದಿನ ರಾಮಚಂದ್ರಪ್ಪ ಬೀಸಿದ ಕೈ ಗಾಳಿಯಲ್ಲಿ ನಿಲ್ಲಲಿಲ್ಲ. ಗಂಗರತ್ನಮ್ಮ ಬೆಂಚಿನ ಮೇಲೆ ಬಿದ್ದಳು.

“ಏನ್ ಸಾಮಿ, ನಿಜವಾಗ್ಲೂ ಒಡೆದ್ಬುಟ್ರಿ?” ಎಂದಳು.

ಕೋದಂಡಪ್ಪನವರು ಕುರ್ಚಿಯಿಂದ ಎದ್ದು ಬಂದು ಅವಳ ಮುಖವನ್ನೇ ನೋಡಿದರು. “ಇದೇ ಬೇಕಾಗಿದ್ದಿದ್ದು. ಈ ಬೆರಗು, ಈ ಕಣ್ಣೀರು. ಗಂಡಸಿನ ಮುಖದಲ್ಲಿ ಎಷ್ಟು ತಿದ್ದಿದರೂ ಬರ್ತಿರಲಿಲ್ಲ” ಎಂದರು.

“ಆದಿನಾರಾಯಣಣ್ಣಂಗೆ ಅಲಗೆ ತಟ್ತಿದ್ರಂತೆ.”

“ನೋಡಮ್ಮ, ಅವನು ಸುಳ್ಳು ಹೆಂಗಸು. ಸುಳ್ಳು ಹೆಂಗಸಿಗೆ ಸುಳ್ಳು ಪೆಟ್ಟು. ನೀನು ನಿಜವಾದ ಹೆಂಗಸು. ನಿನಗೆ ಹಲಗೆ ತಟ್ಟಿದರೆ ಸಾಹಿತ್ಯಕ್ಕೆ ಅವಮಾನ.”

ಆ ದಿನವೇ ಬಿಟ್ಟುಬರಬಹುದಿತ್ತು. ಬಿಡಲಿಲ್ಲ. ಏಕೆಂದು ಅವಳೇ ಆಮೇಲೆ ಎಷ್ಟೋ ಸಲ ಯೋಚಿಸಿದ್ದಳು. ಮಂಡಿಯಲ್ಲಿ ಅವಳು ಹಾಡಿದರೆ ಅಲ್ಲಿನ ಯಜಮಾನ, ಕೈ ಓಡಲಿ ಎಂದು ಗದರುತ್ತಿದ್ದ. ಇಲ್ಲಿ ಅವಳು ಬಾಯಿ ತೆರೆದರೆ ಐನೂರು ಜನ ಕೆಮ್ಮುವುದನ್ನೂ ನಿಲ್ಲಿಸುತ್ತಿದ್ದರು. ಆ ಮೌನಕ್ಕಾಗಿ ಮೂರು ಏಟು ತಿನ್ನಬಹುದು ಎಂದು ಅವಳು ತೂಗಿ ನೋಡಿದಳು. ಆಗ ಅವಳಿಗೆ ಇಪ್ಪತ್ತೆರಡು.

ಏಟು ಮಾತ್ರ ಮೂರಕ್ಕೆ ನಿಲ್ಲಲಿಲ್ಲ. ಜನ ಸಿಳ್ಳೆ ಹೊಡೆದು “ಇನ್ನೊಂದು” ಎಂದರೆ ರಾಮಚಂದ್ರಪ್ಪ ನಾಲ್ಕನೆಯದನ್ನೂ ಕೊಡುತ್ತಿದ್ದ. ಕಲಾವಿದನಾದವನು ಪ್ರೇಕ್ಷಕರ ಮಾತು ಮೀರಬಾರದು ಎಂಬುದು ಅವನ ನಂಬಿಕೆ. ಪಕ್ಕದ ಗಣಿಯಾದ ಚಾಂಪಿಯನ್ ರೀಫ್ಸಿನಲ್ಲಿ ಆಡಿದ ದಿನ ಅಂಥದೊಂದು ಎಡಗಿವಿಯ ಮೇಲೆ ಬಿತ್ತು. ಮೂರು ದಿನ ಕಿವಿಯೊಳಗೆ ಗಣಿಯ ಸೈರನ್ ಕೂಗಿದಂತಾಯಿತು. ಮುನಿಶಾಮಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತ, “ನಾನು ಓಗಿ ಮಾತಾಡ್ಲಾ?” ಎಂದ.

“ಬ್ಯಾಡ. ನೀನು ಓದ್ರೆ ನಿಂಗೇ ಬುದ್ಧಿ ಏಳಿ ಕಳುಸ್ತಾರೆ.”

ಅವಳ ಮಾತು ಸುಳ್ಳಾಗಿರಲಿಲ್ಲ. ನಾಟಕ ನೋಡಿ ಬಂದ ಕೇರಿಯವರೊಬ್ಬರು ಆಗಲೇ ಮುನಿಶಾಮಿಯ ಹೆಗಲ ಮೇಲೆ ಕೈ ಹಾಕಿ, “ಎಂಡ್ತೀನ ಎಂಗೆ ಮಡಿಕೋಬೇಕು ಅಂತ ಅವನ್ನ ನೋಡಿ ಕಲ್ತುಕೊ ಕಣ್ಲಾ. ಒದ್ದ ಕಾಲನ್ನೇ ಕಣ್ಣಿಗೊತ್ತಿಕೊಂಡ್ಳು” ಎಂದಿದ್ದರು.

ಸಂಘದ ಕಾಳಜಿ ಏಟಿಗೆ ಮುಗಿಯುತ್ತಿರಲಿಲ್ಲ. ಗಂಗರತ್ನಮ್ಮನ ಮೈಯ ವಿಚಾರದಲ್ಲಿ ಸಮಿತಿಯವರು ವರ್ಷದಲ್ಲಿ ನಾಲ್ಕು ಸಲವಾದರೂ ಸಭೆ ಸೇರುತ್ತಿದ್ದರು. ಜಡೆ ಎಳೆಯಲು ಸಿಗುವಷ್ಟು ಉದ್ದವಿರಬೇಕು, ಕತ್ತರಿಸಕೂಡದು. ಸಹನಾದೇವಿ ದುಃಖದಿಂದ ಕೃಶಳಾದವಳಾದ್ದರಿಂದ ದಪ್ಪಗಾಗಕೂಡದು. ಮೊದಲನೇ ಅಂಕದಲ್ಲಿ ಸುಂದರಿಯಾದ್ದರಿಂದ ತೀರ ಬಡಕಲಾಗಲೂ ಕೂಡದು. ಬಿಸಿಲಲ್ಲಿ ದುಡಿದು ಕಪ್ಪಗಾಗಕೂಡದು. ಇವನ್ನೆಲ್ಲ ಕೋದಂಡಪ್ಪನವರು ಮುದ್ದಾದ ಅಕ್ಷರದಲ್ಲಿ ನಡವಳಿ ಪುಸ್ತಕದಲ್ಲಿ ಬರೆದು ಎಲ್ಲರ ರುಜು ಹಾಕಿಸುತ್ತಿದ್ದರು. ಮೈಯ ಒಡತಿಯ ರುಜುವಿಗೆ ಮಾತ್ರ ಜಾಗವಿರಲಿಲ್ಲ.

ಐವತ್ತೊಂಬತ್ತರ ಚಳಿಗಾಲದಲ್ಲಿ, ಆ ಪುಸ್ತಕದ ಯಾವ ಪುಟವನ್ನೂ ಕೇಳದೆ, ಗಂಗರತ್ನಮ್ಮ ಬಸುರಾದಳು.

ಮದುವೆಯಾಗಿ ಎಂಟು ವರ್ಷ ಕಳೆದ ಮೇಲೆ. ಎರಡು ವರ್ಷ ವೇದಿಕೆಯ ಮೇಲೆ ಬಂಜೆ ಎನ್ನಿಸಿಕೊಂಡು, ಕೆಳಗೆ ಇಳಿದ ಮೇಲೂ ಅದನ್ನೇ ಕೇಳಿ, ಕೊನೆಗೆ ಅವಳಿಗೂ ಯಾವುದು ಪಾತ್ರ ಯಾವುದು ತಾನು ಎಂಬ ಗುರುತು ಸಿಗದಂತಾಗಿದ್ದಾಗ. ಮುನಿಶಾಮಿ ಸುದ್ದಿ ಕೇಳಿ ಎದ್ದು ಹೋಗಿ, ಒಂದು ಸೇರು ಹಾಲು ತಂದು, ಒಲೆಯ ಮುಂದೆ ಕೂತು ತಾನೇ ಕಾಯಿಸಿ ಕೊಟ್ಟ. ಹಾಲು ಉಕ್ಕಿಹೋಯಿತು. ಇಬ್ಬರೂ ನಕ್ಕರು.

ಸಂಘದ ವಾರ್ಷಿಕೋತ್ಸವಕ್ಕೆ ಹದಿನೈದು ದಿನವಿತ್ತು. ಅವಳು ಹೋಗಿ ಕೋದಂಡಪ್ಪನವರಿಗೆ ಹೇಳಿದಳು. ಅವರ ಮುಖದಲ್ಲಿ, ಮನೆಗೆ ಬೀಗರು ಬಂದಾಗ ಸೂರು ಸೋರಿದವರ ಕಳೆ ಮೂಡಿತು. ಮಾರನೆಯ ಸಂಜೆ ಸಮಿತಿಯ ಏಳು ಜನ ಬೆಂಚಿನ ಮೇಲೆ ಕೂತರು. ಅವಳು ಬಾಗಿಲ ಹತ್ತಿರ ನಿಂತಳು.

“ಸಹನಾದೇವಿ ಬಂಜೆ. ಇವಳು ನೋಡಿದರೆ ಹೀಗೆ ಮಾಡಿಕೊಂಡಿದ್ದಾಳೆ” ಎಂದು ಕೋದಂಡಪ್ಪನವರು ವಿಷಯ ಮಂಡಿಸಿದರು.

“ಸೆರಗು ಅಗಲವಾಗಿ ಸುತ್ಕೊಂಡ್ರೆ ಕಾಣಲ್ಲ” ಎಂದರು ಒಬ್ಬರು. ಎಷ್ಟು ತಿಂಗಳಿಗೆ ಹೊಟ್ಟೆ ಕಾಣುತ್ತದೆ ಎಂಬ ಬಗ್ಗೆ ಅರ್ಧ ಗಂಟೆ ಚರ್ಚೆ ನಡೆಯಿತು. ಏಳು ಜನರಲ್ಲಿ ನಾಲ್ವರಿಗೆ ಮಕ್ಕಳಿದ್ದರೂ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದವಳನ್ನು ಕೇಳಬಹುದೆಂದು ಯಾರಿಗೂ ಹೊಳೆಯಲಿಲ್ಲ.

“ಏಟು ತಿಂತೀನಿ, ಜಡೆ ಎಳೀಲಿ. ಒದೆ ಒಂದು ಬ್ಯಾಡ ಸಾಮಿ” ಎಂದಳು ಗಂಗರತ್ನಮ್ಮ.

ರಾಮಚಂದ್ರಪ್ಪ ನೊಂದವನಂತೆ ನಿಟ್ಟುಸಿರುಬಿಟ್ಟ. “ಜನ ಕಾಯೋದೇ ಅದಕ್ಕಲ್ವಾ. ನಾನೇನು ಜೋರಾಗಿ ಒದೀತೀನಾ? ಪಾತ್ರ ಮೈಮೇಲೆ ಬಂದಾಗ ಒಸಿ ಎಚ್ಚುಕಮ್ಮಿ ಆಗ್ಬಹುದು.”

ಕೈ ಎತ್ತಿ ಮತ ಹಾಕಿದರು. ಒದೆ ಇರಲಿ ಎಂದು ಐವರು. ಬೇಡವೆಂದವರು ಹಾರ್ಮೋನಿಯಂ ಮೇಷ್ಟ್ರು ಮತ್ತು ಆದಿನಾರಾಯಣ. ‘ಕಲಾದೃಷ್ಟಿಯಿಂದ ಒದೆಯನ್ನು ಉಳಿಸಿಕೊಳ್ಳತಕ್ಕದ್ದು’ ಎಂದು ಕೋದಂಡಪ್ಪನವರು ನಡವಳಿಯಲ್ಲಿ ಬರೆದರು.

ಸ್ಟೇಷನ್‌ವರೆಗೆ ಆದಿನಾರಾಯಣ ಅವಳ ಜೊತೆ ನಡೆದು ಬಂದ. ದಾರಿಯಲ್ಲಿ ಅವಳು ಕೇಳಿದಳು. “ಅಣ್ಣಾ, ನಾಲ್ಕು ವರ್ಸ ನಿಂಗೆ ಒಂದು ಏಟೂ ಬೀಳ್ಲಿಲ್ವಲ್ಲ, ಅದೇನ್ ಮಾಡ್ದೆ?”

ಆದಿನಾರಾಯಣ ನಾಚಿಕೊಂಡ. “ಏನಿಲ್ಲಮ್ಮ. ಮೊದಲ್ನೇ ದಿನ ಅವನ ಕಿವೀಲಿ ಒಂದು ಮಾತು ಏಳ್ದೆ. ಕೈ ತಗುಲ್ತೋ, ನಾಳೆ ಗಣಿ ಶಾಫ್ಟ್ ತಾವ ಸಿಕ್ತೀಯಲ್ಲ ಅಂದೆ. ಅಷ್ಟೇಯ.”

ಅವಳು ಹಾಗೆ ಹೇಳುವಂತಿರಲಿಲ್ಲ. ಬಿಟ್ಟೇಬಿಡು ಎಂದ ಮುನಿಶಾಮಿ. ಆದರೆ ಊರೂರಿಗೆ ಕರಪತ್ರ ಹಂಚಿ ಆಗಿತ್ತು, ಅವಳ ಹೆಸರು ಅದರಲ್ಲಿ ಕೋದಂಡಪ್ಪನವರ ಹೆಸರಿಗಿಂತ ಒಂದು ಸಾಲು ಕೆಳಗೆ, ರಾಮಚಂದ್ರಪ್ಪನದಕ್ಕಿಂತ ದೊಡ್ಡದಾಗಿ ಅಚ್ಚಾಗಿತ್ತು. ಅವಳು ಹೋದಳು. ಮುನಿಶಾಮಿಯೂ ಬಂದು, ಜನರ ನಡುವೆ ಎರಡನೇ ಸಾಲಿನಲ್ಲಿ ಕೂತ.

ಮೂರನೇ ಅಂಕ ಶುರುವಾಯಿತು. ಮೂರು ಏಟು ಬಿದ್ದವು, ನಾಲ್ಕನೆಯದೂ ಬಿತ್ತು. ಜಡೆ ಹಿಡಿದು ಎಳೆದ. ಅವಳು ನೆಲದ ಮೇಲೆ ಕೈಯೂರಿ ಕೂತಿದ್ದಳು. “ಬಂಜೆ, ನನ್ನ ವಂಶದ ಕಂಟಕವೇ, ತೊಲಗು” ಎಂದು ರಾಮಚಂದ್ರಪ್ಪ ಕಾಲೆತ್ತಿದ. ಪಾತ್ರ ಮೈಮೇಲೆ ಬಂದಿರುವುದು ಅವನ ಕಣ್ಣಿನಲ್ಲೇ ಕಾಣುತ್ತಿತ್ತು.

ಗಂಗರತ್ನಮ್ಮ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು, ತಾರಸ್ಥಾಯಿಯಲ್ಲಿ, ಕೊನೆಯ ಸಾಲಿನವರಿಗೂ ಕೇಳುವಂತೆ ನುಡಿದಳು. “ನಾಥಾ, ನಿಲ್ಲಿ. ನಾನು ಗರ್ಭವತಿಯಾಗಿದ್ದೇನೆ.”

ರಾಮಚಂದ್ರಪ್ಪನ ಕಾಲು ಎತ್ತಿದಲ್ಲೇ ನಿಂತಿತು. ಈ ಮಾತಿಗೆ ಉತ್ತರ ಅವನಿಗೆ ಬಾಯಿಪಾಠವಿರಲಿಲ್ಲ. ಪರದೆಯ ಮರೆಯಿಂದ ಮಾತು ಒದಗಿಸುವವನು ಪುಸ್ತಕದ ಹಾಳೆ ಹಿಂದೆ ಮುಂದೆ ಮಗುಚುತ್ತಿದ್ದ. ಹೆಂಗಸರ ಕಡೆಯಿಂದ ಒಬ್ಬಾಕೆ ತಮಿಳಿನಲ್ಲಿ, “ಪಿಳ್ಳತಾಚ್ಚಿಯಪ್ಪಾ, ಕಾಲೆ ಕೀಳೆ ಪೋಡು” ಎಂದು ಕೂಗಿದಳು, ಬಸುರಿ ಕಣಪ್ಪ, ಕಾಲು ಇಳಿಸು ಎಂದು. ಇನ್ನೊಬ್ಬಾಕೆ ತೆಲುಗಿನಲ್ಲಿ ಇನ್ನೂ ಒರಟಾಗಿ ಅದನ್ನೇ ಹೇಳಿದಳು. ರಾಮಚಂದ್ರಪ್ಪ ಕಾಲು ಇಳಿಸಿದ. ಕಲಾವಿದನಾದವನು ಪ್ರೇಕ್ಷಕರ ಮಾತು ಮೀರುವಂತಿರಲಿಲ್ಲ.

ಹಾರ್ಮೋನಿಯಂ ಮೇಷ್ಟ್ರು ಒಂದು ಕ್ಷಣ ಕೋದಂಡಪ್ಪನವರ ಕಡೆ ನೋಡಿ, ಇನ್ನೊಂದು ಕ್ಷಣ ಅವಳ ಕಡೆ ನೋಡಿ, ಸೋಬಾನೆಯ ಮಟ್ಟು ಹಿಡಿದರು. ಹೆಂಗಸರು ದನಿಗೂಡಿಸಿದರು. ಯಾರೋ ಮಡಿಲಲ್ಲಿದ್ದ ಹೂವು ಎಸೆದರು. ಇಷ್ಟಾದ ಮೇಲೆ ಬಾವಿಗೆ ಬೀಳಲು ಯಾರೂ ಬಿಡುವಂತಿರಲಿಲ್ಲ. ಎರಡನೇ ಹೆಂಡತಿಯಾಗಲು ಸಿಂಗರಿಸಿಕೊಂಡು ಕೂತಿದ್ದ ಸ್ಟೋರಿನ ಗುಮಾಸ್ತ ಸೀರೆ ಬಿಚ್ಚಿ ಪಂಚೆ ಉಟ್ಟ. ಏಳಕ್ಕೇ ಮಂಗಳ ಹಾಡಿದರು.

ಒಳಗೆ ಕೋದಂಡಪ್ಪನವರು ನಾಟಕದ ಪುಸ್ತಕ ಹಿಡಿದು ಅವಳಿಗಾಗಿ ಕಾದಿದ್ದರು.

“ಏನು ಮಾಡಿದೆ ಗೊತ್ತೇನು ನಿನಗೆ? ನಾಯಕ ಎರಡು ವರ್ಷ ಕಾಶಿಯಲ್ಲಿದ್ದ. ಬಂದಿದ್ದು ಅವತ್ತು ಬೆಳಗ್ಗೆ. ಹಾಗಾದರೆ ಸಹನಾದೇವಿ ಹೇಗೆ ಬಸುರಾದಳು?”

ಅಲ್ಲಿಯವರೆಗೆ ಯಾರಿಗೂ ಅದು ಹೊಳೆದಿರಲಿಲ್ಲ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪತಿವ್ರತೆಯೊಬ್ಬಳ ಶೀಲ ತಮ್ಮ ಕಣ್ಣೆದುರೇ ಹೋಗಿತ್ತು. ರಾಮಚಂದ್ರಪ್ಪನಂತೂ ನಿಜವಾಗಿ ಮೋಸಹೋದ ಗಂಡನಂತೆ ಹಣೆಗೆ ಕೈ ಹಚ್ಚಿ ಕೂತ. ಎರಡು ವರ್ಷ ಗಂಗರತ್ನಮ್ಮನ ನಿಜವಾದ ಕಿವಿಯನ್ನು ಯಾರೂ ವಿಚಾರಿಸಿರಲಿಲ್ಲ. ಇಲ್ಲದ ಹೆಂಗಸೊಬ್ಬಳ ಇಲ್ಲದ ಹೊಟ್ಟೆಯ ಬಗ್ಗೆ ಮಾತ್ರ ಏಳು ಜನ ಸಂಕಟಪಟ್ಟರು.

“ಮಗು ಯಾರದು, ಹೇಳು” ಎಂದರು ಕೋದಂಡಪ್ಪನವರು.

“ನಂಗೇನ್ ಗೊತ್ತು ಸಾಮಿ. ಅವ್ಳನ್ನ ಉಟ್ಟಿಸಿದೋರು ನೀವು. ಎರಡು ವರ್ಸ ಮನೇಗೆ ಯಾರು ಬಂದ್ರು, ಯಾರು ಓದ್ರು, ನಿಮಗಲ್ವಾ ಗೊತ್ತಿರ್ಬೇಕು?” ಎಂದು ಅವಳು ಜಡೆ ಗಂಟು ಹಾಕಿಕೊಂಡು ಹೊರಟಳು. ಬೋಂಡಾ ಕೊಡುವುದನ್ನು ಆ ದಿನ ಎಲ್ಲರೂ ಮರೆತಿದ್ದರು. ಮುನಿಶಾಮಿ ಸ್ಟೇಷನ್ನಿನಲ್ಲಿ ಬಾಳೆಹಣ್ಣು ಕೊಡಿಸಿದ.

ಶೀಲದ ವಿಚಾರಣೆ ಎರಡು ಸಭೆ ನಡೆದು, ಗಂಗರತ್ನಮ್ಮನನ್ನು ಸಂಘದಿಂದ ತೆಗೆದುಹಾಕುವುದರಲ್ಲಿ ಮುಗಿಯಿತು. ಅಷ್ಟರಲ್ಲಿ ಮಾರಿಕುಪ್ಪಂವರೆಗೆ ಸುದ್ದಿ ಹಬ್ಬಿ, ಬಸುರಿ ಸಹನಾದೇವಿಯನ್ನು ನೋಡಬೇಕೆಂದು ಹೆಂಗಸರು ಕೇಳತೊಡಗಿದ್ದರು. ಸಂಘದವರು ಆದಿನಾರಾಯಣನಿಗೆ ಮೀಸೆ ಬೋಳಿಸಲು ಹೇಳಿದರು. ಅವನು ಒಪ್ಪಲಿಲ್ಲ. ಅವನ ಮಗಳ ಮದುವೆ ಗೊತ್ತಾಗಿತ್ತು, ಬೀಗರ ಮುಂದೆ ಮೀಸೆ ಬೇಕಿತ್ತು.

ಗಂಗರತ್ನಮ್ಮನಿಗೆ ಹೆಣ್ಣುಮಗುವಾಯಿತು. ಮಗು ಹಾಲು ಕುಡಿಯುವುದು ಬಿಟ್ಟ ಮೇಲೆ ಅವಳು ಬೂದಿಕೋಟೆಯ ಕಡೆಯ ಹಳ್ಳಿಗಳಲ್ಲಿ ಮತ್ತೆ ಪಾತ್ರ ಮಾಡತೊಡಗಿದಳು. ಕರೆಯಲು ಬಂದವರಿಗೆ ಒಂದೇ ಮಾತು ಕೇಳುತ್ತಿದ್ದಳು. “ಕೈ ಗಾಳೀಲಿ ಬೀಸ್ತೀರೋ, ಮೈಮೇಲೋ?” ಮೈಮೇಲೆ ಎಂದವರಿಗೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು. ಹಳ್ಳಿಯವರು ಬಹಳ ಮಟ್ಟಿಗೆ ಒಪ್ಪುತ್ತಿದ್ದರು. ಅವರಿಗೆ ಹಾಡು ಮುಖ್ಯವಾಗಿತ್ತು, ಸಾಹಿತ್ಯದ ಬಗ್ಗೆ ಅಷ್ಟು ತಿಳಿವಳಿಕೆ ಇರಲಿಲ್ಲ.

ಅರವತ್ತನಾಲ್ಕರಲ್ಲಿ ಕೋದಂಡಪ್ಪನವರು ನಾಟಕವನ್ನು ತಿದ್ದಿ ಬರೆದರು. ಜನರ ಬೇಡಿಕೆಗೆ ಮಣಿದು ಸಹನಾದೇವಿಗೆ ಗರ್ಭ ದಯಪಾಲಿಸಿದ್ದರು, ಗಂಡನನ್ನು ಕಾಶಿಯಿಂದ ಒಂದು ವರ್ಷ ಮೊದಲೇ ಕರೆಸಿದ್ದರು. ಒದೆಯನ್ನೂ ಅದರ ಜೊತೆಗೆ ‘ತಮ್ಮ ಪಾದಕ್ಕೆ’ ಎಂಬ ಮಾತನ್ನೂ ಹೊಡೆದುಹಾಕಿದ್ದರು. ಮೂರು ಏಟು, ಜಡೆ, ಅವಳು ಬಸುರಾಗುವ ಮೊದಲಿನ ಎರಡನೇ ಅಂಕಕ್ಕೆ ಬಂದಿದ್ದವು. ನಾಲ್ಕನೇ ಅಂಕದಲ್ಲಿ ಅವಳು ಗಂಡುಮಗುವನ್ನು ಹೆತ್ತು, ಗಂಡನ ಮಡಿಲಿಗಿಟ್ಟು, ಹೆರಿಗೆಯಲ್ಲೇ ಸಾಯುತ್ತಿದ್ದಳು. ಎರಡನೇ ಮದುವೆ ಹಾಗೇ ಇತ್ತು, ಈಗ ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂಬ ಬಲವಾದ ಕಾರಣ ಬೇರೆ.

ಗಂಗರತ್ನಮ್ಮ ಮಗಳನ್ನು ಕರೆದುಕೊಂಡು ನೋಡಲು ಹೋದಳು. ಸಹನಾದೇವಿಯಾಗಿದ್ದವಳು ಅನಸೂಯ ಎಂಬ ಹತ್ತೊಂಬತ್ತರ ಹುಡುಗಿ. ಗಂಡ ರಾಮಚಂದ್ರಪ್ಪನೇ, ಕೂದಲಿಗೆ ಕಪ್ಪು ಹಚ್ಚಿಕೊಂಡಿದ್ದ. ಮೊದಲನೇ ಏಟು ಬಿದ್ದ ಸದ್ದಿನಲ್ಲೇ ಅದು ಹಲಗೆಯದಲ್ಲ ಎಂದು ಗಂಗರತ್ನಮ್ಮನಿಗೆ ತಿಳಿಯಿತು. ಮಗಳು ಮುಖ ಮುಚ್ಚಿಕೊಂಡಳು.

ಮಂಗಳವಾದ ಮೇಲೆ ಗಂಗರತ್ನಮ್ಮ ಹಿಂದೆ ಹೋದಳು. ಅನಸೂಯ ಕನ್ನಡಿಯ ಮುಂದೆ ಕೂತು, ಬಣ್ಣ ಯಾವುದು ಬಾವು ಯಾವುದು ಎಂದು ಕೆನ್ನೆ ಒತ್ತಿ ನೋಡಿಕೊಳ್ಳುತ್ತಿದ್ದಳು.

“ಎಷ್ಟನೇ ನಾಟಕ ಮಗಾ?”

“ಎರಡನೇದು ಅಕ್ಕಾ. ನಾಡಿದ್ದು ಚಾಂಪಿಯನ್ ರೀಫ್ಸಲ್ಲಿ ಇನ್ನೊಂದೈತೆ.”

“ಬಿಡ್ತೀಯಾ?”

ಹುಡುಗಿ ತಲೆಯಾಡಿಸಿದಳು. “ಆಡ್ಬೇಕು ಅಂತಾನೇ ಬಂದೋಳು ಅಕ್ಕಾ ನಾನು.”

ಗಂಗರತ್ನಮ್ಮನಿಗೆ ಅದು ಚೆನ್ನಾಗಿ ಅರ್ಥವಾಯಿತು. ಅವಳು ಮಗಳನ್ನು ಪಕ್ಕಕ್ಕೆ ಕೂರಿಸಿ ಮೇಲೆದ್ದಳು. “ನಿಂತ್ಕೊ. ಅವ್ನು ಬಲಗೈಲಿ ಬೀಸೋದು. ಬೀಸೋಕೆ ಮುಂಚೆ ಮೂಗಿನಲ್ಲಿ ಜೋರಾಗಿ ಉಸಿರೆಳ್ಕೊತಾನೆ, ಕೇಳ್ಸುತ್ತೆ. ಅಲ್ಲಿ ಅರಮನೆ ಕಂಬ ಅಂತ ಬಣ್ಣ ಬಳಿದವ್ರಲ್ಲ, ಅದು ಒಳಗೆ ಗಟ್ಟಿ ತೇಗ. ಊರೂರಿಗೂ ಅದನ್ನೇ ಒತ್ಕೊಂಡು ಓಗೋದು. ನೀನು ಅದ್ರ ಪಕ್ಕಾನೇ ನಿಂತು ಅಳು. ಉಸಿರು ಕೇಳ್ತಿದ್ದಂಗೇ ಕಾಲಿಗೆ ಬೀಳು. ಪತಿವ್ರತೆ ಕಾಲಿಗೆ ಬಿದ್ರೆ ಯಾರೂ ತಪ್ಪು ಅನ್ನಲ್ಲ.”

ಇಬ್ಬರೂ ಅದನ್ನು ನಾಲ್ಕೈದು ಸಲ ಮಾಡಿ ನೋಡಿದರು. ಮಗಳು ಉಸಿರೆಳೆಯುವ ರಾಮಚಂದ್ರಪ್ಪನಾದಳು.

ಚಾಂಪಿಯನ್ ರೀಫ್ಸಿನಲ್ಲಿ ಎರಡನೇ ಅಂಕದ ಮೊದಲನೇ ಏಟಿಗೆ ರಾಮಚಂದ್ರಪ್ಪನ ಎರಡು ಬೆರಳು ಮುರಿದವು. ಅವನು ಕೈ ಹಿಡಿದುಕೊಂಡು ಕುಣಿದದ್ದನ್ನು ಜನ ಪಶ್ಚಾತ್ತಾಪವೆಂದು ತಿಳಿದು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅನಸೂಯ ಅವನ ಕಾಲ ಬಳಿ ಕೂತು, ಪುಸ್ತಕದಲ್ಲಿ ಇದ್ದಂತೆಯೇ, ಒಂದಕ್ಷರ ಬದಲಿಸದೆ ಕೇಳಿದಳು. “ನಾಥಾ, ನೋವಾಗಲಿಲ್ಲವಷ್ಟೆ?”

ಆರು ವಾರ ಕೈಗೆ ಪಟ್ಟಿ ಇತ್ತು. ಆ ಆರು ವಾರದಲ್ಲಿ ನಾಟಕ ಮೂರು ಕಡೆ ನಡೆಯಿತು. ಗಂಡ ದೂರ ನಿಂತು ಬಾಯಲ್ಲಿ ಬೈದ. ಜನ ಬಂದರು, ಅತ್ತರು, ಹಾಡು ಚೆನ್ನಾಗಿತ್ತೆಂದು ಹೇಳಿಹೋದರು. ಏಟಿಲ್ಲದ್ದನ್ನು ಗಮನಿಸಿ ದೂರು ಕೊಟ್ಟವರು ಕೋದಂಡಪ್ಪನವರೊಬ್ಬರೇ.